ಮೈಸೂರಿನ ದುಡ್ಡು, ಲಂಡನ್ನಿನ ತಟ್ಟೆ

1950ರ ಮೇ 22ರ ಸಂಜೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಕಛೇರಿಯೊಂದಕ್ಕೆ 4,800 ಡಾಲರಿನ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಹಿಂದಿನ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಅದಕ್ಕೂ ಹಿಂದಿನ ವರ್ಷ ಅವರು ಬರೆದಿಟ್ಟ ನಾಲ್ಕು ಹಾಡುಗಳನ್ನು ಅಂದು ಮೊತ್ತಮೊದಲಿಗೆ ಹಾಡುವುದಿತ್ತು. ಹಾಡುವವರು ನಾರ್ವೆಯ ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್, ನುಡಿಸುವುದು ಫಿಲ್‌ಹಾರ್ಮೋನಿಯ ವಾದ್ಯವೃಂದ, ನಿರ್ದೇಶನ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಒಡೆಯರಿಗೆ ಹೋಗಲಾಗಲಿಲ್ಲ. ದುಡ್ಡು ಕೊಟ್ಟದ್ದೇ ಹಾಡುಗಳನ್ನು ತಟ್ಟೆಗೆ ಇಳಿಸಿ ಮೈಸೂರಿಗೆ ಕಳಿಸಿಕೊಡಲಿ ಎಂದು. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವು ಎಂಬ ಅಂದಾಜಿದೆ.

ಈ ಕತೆ ಮೈಸೂರಿನವರಿಗೆ ಹೊಸದಲ್ಲ. ದಸರಾ ಬಂತೆಂದರೆ ಯಾವುದಾದರೊಂದು ಪತ್ರಿಕೆಯಲ್ಲಿ ಅರ್ಧ ಪುಟ ಬರುತ್ತದೆ, ಒಡೆಯರು ಪಿಯಾನೋ ಮುಂದೆ ಕೂತ ಫೋಟೊ ಸಮೇತ. ಹೆಮ್ಮೆಗೆ ಕೊರತೆಯಿಲ್ಲ. ಆದರೆ ಅವರ ದುಡ್ಡಿನಲ್ಲಿ ಆದ ಆ ಧ್ವನಿಮುದ್ರಣಗಳು ಕೇಳಲು ಹೇಗಿವೆ, ಇವತ್ತು ಅವನ್ನು ಕೇಳಲೇಬೇಕೆ, ಅದೇ ಕೃತಿಗಳನ್ನು ಹೊಸಬರು ಇನ್ನೂ ಚೆನ್ನಾಗಿ ನುಡಿಸಿದ್ದಾರೆಯೇ ಎಂದು ಕೇಳಿದವರು ಕಡಿಮೆ. ಅವು ಇವತ್ತಿಗೂ ಸಿಗುತ್ತವೆ. ಟೆಸ್ಟಮೆಂಟ್ ಎಂಬ ಬ್ರಿಟಿಷ್ ಕಂಪನಿ ಮುಖ್ಯವಾದವನ್ನು ಶುದ್ಧಗೊಳಿಸಿ ಸಿಡಿಯಾಗಿ ತಂದಿದೆ. ಮೊಬೈಲಿನಲ್ಲೂ ಹುಡುಕಿದರೆ ಸಿಗುತ್ತವೆ. ಹಾಗಾಗಿ ಹೆಮ್ಮೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಕೇಳಬಹುದು.

ಸ್ಟ್ರಾಸ್‌ನಿಂದ ಶುರುಮಾಡೋಣ. ಅಂದಿನ ಧ್ವನಿ ಚೆನ್ನಾಗಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕಛೇರಿ ನಡೆಯುತ್ತಿದ್ದ ಹಾಗೇ ಅದನ್ನು ಹಿಡಿದದ್ದು ಅಸಿಟೇಟ್ ತಟ್ಟೆಗಳ ಮೇಲೆ. ಲೋಹದ ಬಿಲ್ಲೆಗೆ ಮೆತ್ತನೆಯ ಲೇಪ, ಆ ಲೇಪದಲ್ಲೇ ಗೆರೆ ಕೊರೆಯುವುದು. ಅಂಥ ತಟ್ಟೆಯನ್ನು ಒಮ್ಮೆ ನುಡಿಸಿದರೆ ಮುಳ್ಳು ಅಷ್ಟು ಸಂಗೀತವನ್ನು ಸವೆಸಿಕೊಂಡೇ ಹೋಗುತ್ತದೆ. ಉಳಿದು ಬಂದದ್ದರಲ್ಲಿ ಕರಕರ ಸದ್ದಿದೆ, ವಾದ್ಯವೃಂದ ಗೋಡೆಯ ಆಚೆಗಿದ್ದಂತಿದೆ, ದನಿ ಏರಿದ ಕಡೆ ಸದ್ದು ಒಡೆಯುತ್ತದೆ. ಹಾರ್ಪ್ ಬಹುಪಾಲು ಕಡೆ ಇದೆಯೆಂದು ನಾವೇ ಊಹಿಸಿಕೊಳ್ಳಬೇಕು. ಸ್ಟ್ರಾಸ್ ವಾದ್ಯಗಳ ಬಣ್ಣ ಬೆರೆಸುವುದರಲ್ಲಿ ಎಂಥ ನಿಪುಣರೆಂದು ಈ ಧ್ವನಿಮುದ್ರಣವೊಂದನ್ನೇ ಕೇಳಿದವರಿಗೆ ತಿಳಿಯುವುದೇ ಇಲ್ಲ.

ಇದರ ಪಕ್ಕದಲ್ಲಿ ಇಡಲು ಇಂದಿನ ಒಂದು ಧ್ವನಿಮುದ್ರಿಕೆ ತಾನಾಗಿ ಒದಗಿದೆ. 2019ರಲ್ಲಿ ಡೆಕ್ಕಾ ಕಂಪನಿ ಲೀಸಾ ಡೇವಿಡ್ಸನ್ ಅವರ ಆಲ್ಬಂ ತಂದಿತು. ಅವರೂ ನಾರ್ವೆಯವರು, ಅವರದೂ ವ್ಯಾಗ್ನರ್ ಹಾಡುವ ದೊಡ್ಡ ಕಂಠ. ಹಾಡುಗಳು ಇವೇ ನಾಲ್ಕು. ವಾದ್ಯವೃಂದ ಅದೇ ಫಿಲ್‌ಹಾರ್ಮೋನಿಯ. ನಿರ್ದೇಶನ ಮಾತ್ರ ಫಿನ್ಲೆಂಡಿನ ಎಸಾ-ಪೆಕ್ಕಾ ಸಾಲೊನೆನ್ ಅವರದು. ಹೋಲಿಸುವವರಿಗೆ ಇಷ್ಟು ಅನುಕೂಲವಾದ ಜೋಡಿ ಮತ್ತೆ ಸಿಗಲಾರದು.

ಡೇವಿಡ್ಸನ್ ಕಂಠದಲ್ಲಿ ತಗ್ಗಿನ ಸ್ವರಕ್ಕೂ ತಾರಸ್ಥಾಯಿಗೂ ನಡುವೆ ಎಲ್ಲೂ ಗೀರಿಲ್ಲ. ‘ಮಲಗುವ ಹೊತ್ತು’ ಎಂಬ ಹಾಡಿನ ನಡುವೆ ಒಂಟಿ ಪಿಟೀಲು ಹಾಡುಗಾರ್ತಿಗಿಂತ ಮೊದಲು ರಾಗವನ್ನು ಎತ್ತಿಕೊಳ್ಳುತ್ತದೆ; ಆಮೇಲೆ ಅದೇ ರಾಗವನ್ನು ಕಂಠ ತೆಗೆದುಕೊಳ್ಳಬೇಕು. ಕಛೇರಿಯಲ್ಲಿ ಪಿಟೀಲು ಗಾಯಕರ ಹಿಂದೆ ಬರುವುದನ್ನು ಕೇಳಿದ ನಮ್ಮ ಕಿವಿಗೆ ಈ ಅದಲುಬದಲು ತಕ್ಷಣ ಹಿಡಿಸುತ್ತದೆ. ಹೊಸ ಧ್ವನಿಮುದ್ರಣದಲ್ಲಿ ಪಿಟೀಲಿನ ಕಮಾನು ತಂತಿಯ ಮೇಲೆ ತಿರುಗುವುದೂ ಕೇಳಿಸುತ್ತದೆ. ಕೊನೆಯ ಹಾಡಿನ ತುದಿಯಲ್ಲಿ ಎರಡು ಕೊಳಲುಗಳು ಲಾರ್ಕ್ ಹಕ್ಕಿಗಳಂತೆ ಕಂಪಿಸಿ ನಿಲ್ಲುವಲ್ಲಿ ಒಂದೊಂದು ಕೊಳಲೂ ತನ್ನ ಜಾಗದಲ್ಲಿದೆ. ಹಾಡನ್ನೇ ಮೊದಲು ಪರಿಚಯ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ, ಎರಡು ಮಾತಿಲ್ಲ.

ಹಾಗಾದರೆ 1950ರದು ಯಾಕೆ ಬೇಕು? ಅದರಲ್ಲಿರುವವರಿಗೆ ಈ ಹಾಡುಗಳು ಮಹಾನ್ ಕೃತಿಗಳೆಂದು ಇನ್ನೂ ಗೊತ್ತಿರಲಿಲ್ಲ, ಅದಕ್ಕೆ. ‘ನಾಲ್ಕು ಕೊನೆಯ ಹಾಡುಗಳು’ ಎಂಬ ಹೆಸರೂ ಸ್ಟ್ರಾಸ್ ಕೊಟ್ಟದ್ದಲ್ಲ, ಪ್ರಕಾಶಕರ ಕಡೆಯ ಅರ್ನ್‌ಸ್ಟ್ ರಾಟ್ ಕೊಟ್ಟದ್ದು. ಈಗ ಎಲ್ಲರೂ ಹಾಡುವ ಅನುಕ್ರಮವೂ ಆ ಸಂಜೆಯದಲ್ಲ. ಅಂದು ‘ಮಲಗುವ ಹೊತ್ತು’ ಮೊದಲು ಬಂತು, ‘ವಸಂತ’ ಮೂರನೆಯದಾಯಿತು. ಆಮೇಲೆ ಎಪ್ಪತ್ತು ವರ್ಷಗಳಲ್ಲಿ ಈ ಹಾಡುಗಳಿಗೆ ಒಂದು ಬಗೆಯ ಮಡಿ ಬಂತು. ಜೆಸ್ಸಿ ನಾರ್ಮನ್ 1982ರಲ್ಲಿ ಕುರ್ಟ್ ಮಸೂರ್ ಅವರೊಂದಿಗೆ ಹಾಡಿದಾಗ ಕೊನೆಯ ಹಾಡೊಂದೇ ಹತ್ತು ನಿಮಿಷದ ಹತ್ತಿರ ಹತ್ತಿರ ಹೋಯಿತು. ಆ ಭವ್ಯತೆ ನನಗೂ ಇಷ್ಟವೇ. ಆದರೆ ಅದನ್ನು ಕೇಳಿದ ಮೇಲೆ ಬಂದ ಗಾಯಕಿಯರೆಲ್ಲ ಗುಡಿಯೊಳಗೆ ಕಾಲಿಡುವವರ ಹಾಗೆ ಹಾಡತೊಡಗಿದರು. ಡೇವಿಡ್ಸನ್ ಅವರೂ ಅದರಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಫ್ಲ್ಯಾಗ್‌ಸ್ಟಾಡ್ ಹಾಡುವುದು ಹಾಗಲ್ಲ. ಆಗ ಅವರಿಗೆ 54 ವರ್ಷ, ತಾರಸ್ಥಾಯಿ ಸಲೀಸಾಗಿಲ್ಲ, ‘ವಸಂತ’ ಹಾಡಿನಲ್ಲಿ ಅದು ಗೊತ್ತಾಗುತ್ತದೆ. ಆದರೆ ಕೊನೆಯ ಹಾಡಿನಲ್ಲಿ ದಣಿದ ದಂಪತಿ ಸಂಜೆಯನ್ನು ನೋಡುತ್ತ ನಿಂತ ಮಾತು ಬರುವಾಗ ಅವರು ಮಾತನ್ನು ಮಾತಾಗಿಯೇ ಹೇಳುತ್ತಾರೆ. ಫುರ್ಟ್‌ವೆಂಗ್ಲರ್ ಎಲ್ಲೂ ಕಾಲೆಳೆಯುವುದಿಲ್ಲ. ಸದ್ದಿನ ಗಲೀಜಿನ ನಡುವೆಯೂ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಮೈಸೂರಿನ ದುಡ್ಡಿನಲ್ಲಿ ಆದ ಹೆಚ್ಚಿನ ಕೆಲಸ ಸ್ಟ್ರಾಸ್‌ನದಲ್ಲ, ರಚನಕಾರರೂ ಪಿಯಾನೋ ವಾದಕರೂ ಆದ ನಿಕೊಲಾಯ್ ಮೆಟ್ನರ್ ಅವರದು. ಪಾಶ್ಚಾತ್ಯ ಸಂಗೀತ ಬಲ್ಲವರಲ್ಲೂ ಈ ಹೆಸರು ಕೇಳಿದವರು ಎಲ್ಲರೂ ಅಲ್ಲ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಕ್ರಾಂತಿಯ ನಂತರ 1921ರಲ್ಲಿ ರಷ್ಯ ಬಿಟ್ಟು, ಅಲ್ಲಿ ಇಲ್ಲಿ ಅಲೆದು, 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದರು. ರಷ್ಯದ ಪ್ರಸಿದ್ಧ ರಚನಕಾರ ರಾಕ್‌ಮನಿನಾಫ್ ಅವರ ಆಪ್ತ ಗೆಳೆಯ. ರಾಕ್‌ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೋ ಕನ್ಸರ್ಟೊವನ್ನು, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿಯನ್ನು, ಇವರಿಗೆ ಅರ್ಪಿಸಿದರು, ಇವರು ತಮ್ಮ ಎರಡನೆಯದನ್ನು ಅವರಿಗೆ. ಗೆಳೆಯನಿಗೆ ಸಿಕ್ಕ ಜನಪ್ರಿಯತೆಯ ಒಂದು ಪಾಲೂ ಇವರಿಗೆ ಸಿಗಲಿಲ್ಲ. ಎರಡನೇ ಮಹಾಯುದ್ಧ ಶುರುವಾದದ್ದೇ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, 1942ರಲ್ಲಿ ಹೃದಯಾಘಾತವಾಯಿತು. ಎಡ್ನಾ ಐಲ್ಸ್ ಎಂಬ ಪಿಯಾನೋ ವಾದಕಿ ವಾರಿಕ್‌ಷೈರಿನ ತಮ್ಮ ಮನೆಯಲ್ಲಿ ಗಂಡಹೆಂಡಿರಿಬ್ಬರಿಗೂ ಆಸರೆ ಕೊಟ್ಟರು. ಮೂರನೆಯ ಕನ್ಸರ್ಟೊ ಮುಗಿದದ್ದು ಈ ಕಾಲದಲ್ಲೇ. ಅದರ ಅರ್ಪಣೆಯ ಸಾಲಿನಲ್ಲಿ ಮೈಸೂರು ಮಹಾರಾಜರ ಹೆಸರಿದೆ.

ಒಡೆಯರಿಗೆ ಪಿಯಾನೋ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆ ಯುವರಾಜ ನರಸಿಂಹರಾಜ ಒಡೆಯರು, ದೊಡ್ಡಪ್ಪ ಮಹಾರಾಜ ನಾಲ್ವಡಿಯವರು ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು, 21 ವರ್ಷದ ಹುಡುಗ ಗಾದಿ ಏರಬೇಕಾಯಿತು. ತಾವು ನುಡಿಸಲಾಗದ್ದನ್ನು ನುಡಿಸುವವರಿಂದ ನುಡಿಸಿ ಉಳಿಸುವ ದಾರಿ ಹಿಡಿದರು. ಹೀಗೆ, ಮೆಟ್ನರ್ ಕೃತಿಗಳನ್ನು ತಟ್ಟೆಗೆ ಇಳಿಸಲೆಂದು, ಹುಟ್ಟಿದ್ದು ಮೆಟ್ನರ್ ಸೊಸೈಟಿ. ಇಎಂಐ ಕಂಪನಿಯ ಧ್ವನಿಮುದ್ರಣಗಳನ್ನು ನೋಡಿಕೊಳ್ಳುತ್ತಿದ್ದ, ಫಿಲ್‌ಹಾರ್ಮೋನಿಯವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೂ ಬಂದಿದ್ದರು. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಸಾಲು ಗ್ರ್ಯಾಂಡ್ ಪಿಯಾನೋಗಳನ್ನು ಕಂಡು ಬೆರಗಾದದ್ದನ್ನು ಅವರು ನೆನಪುಗಳಲ್ಲಿ ಬರೆದಿದ್ದಾರೆ. ಮೆಟ್ನರ್ ಖರ್ಚಿನ ಜತೆಗೆ ವಾದ್ಯವೃಂದಕ್ಕೆಂದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವನ್ನೂ ಒಪ್ಪಿಸಿಕೊಂಡು ಹೋದರು. ಜಾಣ.

ಇಲ್ಲಿ ಒಂದು ಇಸವಿಯನ್ನು ದಾಟಿ ಹೋಗಲಾಗುವುದಿಲ್ಲ. ಮೆಟ್ನರ್ ತಮ್ಮ ಕನ್ಸರ್ಟೊಗಳನ್ನು ಲಂಡನ್ನಿನಲ್ಲಿ ನುಡಿಸಿದ್ದು 1947ರಲ್ಲಿ. ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಚಳವಳಿ ನಡೆದು ಜನ ಜೈಲಿಗೆ ಹೋದದ್ದೂ ಅದೇ ವರ್ಷ. ಆ ದುಡ್ಡು ಅರಮನೆಯದೋ ಊರವರದೋ ಎಂದು ಯಾರಾದರೂ ಕೇಳಿದರೆ ಅದು ಅಸಂಗತ ಪ್ರಶ್ನೆಯಲ್ಲ. ನನ್ನ ತಕರಾರು ಇನ್ನೊಂದು. 94 ಕೀರ್ತನೆಗಳನ್ನು ರಚಿಸಿದ ದೊರೆ ಅವರು; ಮೈಸೂರು ವಾಸುದೇವಾಚಾರ್ಯರಂಥವರು ಅವರ ಆಸ್ಥಾನದಲ್ಲೇ ಇದ್ದರು. ವಾಸುದೇವಾಚಾರ್ಯರ ಕೃತಿಗಳಿಗೂ ಇಂಥದ್ದೊಂದು ಸೊಸೈಟಿ, ಅದೇ ತಂತ್ರಜ್ಞರು, ಬೇಕಾದಷ್ಟು ತಟ್ಟೆ ಆಗಿದ್ದಿದ್ದರೆ!

ಮೂರನೆಯ ಕನ್ಸರ್ಟೊ ಸುಮಾರು 35 ನಿಮಿಷದ ಕೃತಿ. ಮೂರು ಭಾಗಗಳಿದ್ದರೂ ನಡುವೆ ನಿಲುಗಡೆಯಿಲ್ಲ, ಒಂದರೊಳಗಿಂದ ಇನ್ನೊಂದು ಬರುತ್ತದೆ. ಹಿನ್ನೆಲೆಯಲ್ಲಿ ಲೆರ್ಮೊಂತೊವ್‌ನ ಕವಿತೆಯೊಂದಿದೆ: ನದಿಯ ತಳದಲ್ಲಿ ಮಲಗಿದ ವೀರ, ಅವನ ಬಗ್ಗೆ ಹಾಡುವ ಜಲಕನ್ಯೆ. ಮೆಟ್ನರ್ ಕೊನೆಯ ಭಾಗದಲ್ಲಿ ಆ ವೀರನನ್ನು ಎಬ್ಬಿಸುತ್ತಾರೆ. ನಿಲ್ಲದೆ ಹರಿಯಬೇಕಾದ ಈ ಕೃತಿಯನ್ನು ನಾಲ್ಕು ನಾಲ್ಕೂವರೆ ನಿಮಿಷಕ್ಕೆ ಮುಗಿಯುವ 78 ಸುತ್ತಿನ ಪ್ಲೇಟಿಗೆ ತುಂಡು ಮಾಡಿ ತುಂಬಿದರು. ಒಂದು ಮಗ್ಗುಲು ಮುಗಿಯುವಲ್ಲಿ ನಿಲ್ಲಿಸಬೇಕು, ಮುಂದಿನ ಮೇಣದ ತಟ್ಟೆ ಸಿದ್ಧವಾಗುವ ತನಕ ಕಾಯಬೇಕು, ಮತ್ತೆ ಅದೇ ಕಾಲಪ್ರಮಾಣ, ಅದೇ ಬಿಸಿಯಲ್ಲಿ ಎತ್ತಿಕೊಳ್ಳಬೇಕು. ನುಡಿಸುವವರಿಗೆ 67 ವರ್ಷ, ದುರ್ಬಲ ಹೃದಯ.

ಟೆಸ್ಟಮೆಂಟ್‌ನವರ ಸಿಡಿಯಲ್ಲಿ ತುಂಡುಗಳನ್ನು ಬೆಸೆದಿದ್ದಾರೆ. ಒಳ್ಳೆಯ ಹೆಡ್‌ಫೋನ್ ಹಾಕಿ, ಸಂಗೀತವನ್ನು ಬಿಟ್ಟು ಅದರ ಹಿಂದಿನ ಸುಯ್ ಸದ್ದನ್ನು ಮಾತ್ರ ಹಿಂಬಾಲಿಸಿ ನೋಡಿ. ನಾಲ್ಕೈದು ನಿಮಿಷಕ್ಕೊಮ್ಮೆ ಆ ಸದ್ದಿನ ಬಣ್ಣ ಬದಲಾಗುತ್ತದೆ. ಮಗ್ಗುಲಿನ ಕೊನೆಗೆ ಬರುವಾಗ ಗೆರೆಗಳು ಒಳಕ್ಕೆ ಸರಿದು ಇಕ್ಕಟ್ಟಾಗಿ ಪಿಯಾನೋದ ಮೇಲಿನ ಸ್ವರಗಳು ಮಂಕಾಗುತ್ತವೆ. ಹೊಸ ಮಗ್ಗುಲು ಶುರುವಾದದ್ದೇ ಕಿಟಕಿ ತೆರೆದ ಹಾಗೆ ಹೊಳಪು ಮರಳುತ್ತದೆ. ಬೆಸುಗೆ ಅಲ್ಲೇ. ಅಂಥ ಕಡೆಗಳಲ್ಲಿ ಮೆಟ್ನರ್ ಲಯವನ್ನು ಕೇಳಿದರೆ ಅಚ್ಚರಿಯಾಗುತ್ತದೆ. ಕೂದಲೆಳೆಯಷ್ಟೂ ಸಡಿಲವಿಲ್ಲ. ಎರಡು ಮಗ್ಗುಲಿನ ನಡುವೆ ಎಷ್ಟು ಹೊತ್ತು ಕಾದರೋ, ನಡಿಗೆ ಮಾತ್ರ ಅದೇ.

ಟೇಪು ಬರುವ ಮೊದಲಿನ ಕಾಲದ ಧ್ವನಿಮುದ್ರಣಗಳ ಬಗ್ಗೆ ನಾವು ಮರೆಯುವುದು ಇದನ್ನೇ. ಆ ನಾಲ್ಕು ನಿಮಿಷದೊಳಗೆ ಕತ್ತರಿ ಆಡಿಸುವ ಹಾಗಿರಲಿಲ್ಲ. ತಪ್ಪಾದರೆ ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕು, ಇಲ್ಲವೇ ತಪ್ಪನ್ನು ಹಾಗೇ ಬಿಡಬೇಕು. ಟೇಪು ಬಂದ ಮೇಲೆ ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ಸಾಧ್ಯವಾಯಿತು. ಈಗ ಕಂಪ್ಯೂಟರಿನಲ್ಲಿ ಒಂದೇ ಸ್ವರವನ್ನು ಬೇರೆ ದಿನದ ನುಡಿಸಾಣಿಕೆಯಿಂದ ತಂದು ಕೂರಿಸಬಹುದು. ಹಳೆಯ ಧ್ವನಿಮುದ್ರಣದ ಬೆಸುಗೆ ಕಿವಿಗೆ ಸಿಗುತ್ತದೆ, ಹೊಸದರ ಬೆಸುಗೆ ಸಿಗುವುದಿಲ್ಲ. ಹೊಸದನ್ನು ವಿಮರ್ಶೆ ಮಾಡುವವರು ‘ಒಂದೂ ತಪ್ಪಿಲ್ಲದ ವಾದನ’ ಎಂದು ಬರೆದಾಗ ನನಗೆ ಸಣ್ಣ ನಗು ಬರುತ್ತದೆ. ತಪ್ಪಿಲ್ಲದಿರುವುದು ಈಗ ವಾದಕರದಷ್ಟೇ ಸಂಪಾದಕರ ಗುಣವೂ ಹೌದು.

ಇಷ್ಟಾದರೂ ಮೂರನೆಯ ಕನ್ಸರ್ಟೊಗೆ ಮೆಟ್ನರ್ ನುಡಿಸಿದ್ದೇ ಕೊನೆಯ ಮಾತೆಂದು ನಾನು ಒಪ್ಪುವುದಿಲ್ಲ. ರಚನಕಾರರೇ ನುಡಿಸಿದ್ದಾರೆ ಎಂದಾಕ್ಷಣ ಕೈಮುಗಿಯುವುದು ವಿಮರ್ಶೆಯ ಸೋಮಾರಿತನ. ಇಸ್ಸಾಯ್ ಡೊಬ್ರೊವೆನ್ ನಿರ್ದೇಶನದ ವಾದ್ಯವೃಂದ ಹಿಂದೆ ಹಿಂದೆ ಉಳಿದಿದೆ, ಧ್ವನಿಮುದ್ರಣ ಅದನ್ನು ಇನ್ನಷ್ಟು ಕುಗ್ಗಿಸಿದೆ. ಅಂತ್ಯಭಾಗದ ಏರಿನಲ್ಲಿ ಬೇಕಾದ ದೇಹಬಲ ಮೆಟ್ನರ್ ಕೈಯಲ್ಲಿ ಆಗ ಇರಲಿಲ್ಲ. ನಿಕೊಲಾಯ್ ಡೆಮಿಡೆಂಕೊ 1990ರ ದಶಕದ ಆರಂಭದಲ್ಲಿ ಹೈಪೀರಿಯನ್ ಕಂಪನಿಗೆ ನುಡಿಸಿದಾಗ ಈ ಕೃತಿಗೆ ಎಷ್ಟು ಬಿರುಸು ಇದೆಯೆಂದು ಮೊದಲ ಸಲ ಸರಿಯಾಗಿ ಕೇಳಿಸಿತು. ಯೆವ್ಗೆನಿ ಸುದ್‌ಬಿನ್ ಅವರದು ನಂತರದ್ದು. ಆಂಡ್ರ್ಯೂ ಲಿಟನ್ ನಿರ್ದೇಶನದ ಬರ್ಗನ್ ವಾದ್ಯವೃಂದದೊಂದಿಗೆ, ಬಿಐಎಸ್ ಕಂಪನಿಗೆ. ನನ್ನ ಲೆಕ್ಕದಲ್ಲಿ ಸುದ್‌ಬಿನ್ ಮುಂದು. ಮೆಟ್ನರ್ ಬರೆಯುವ ರೀತಿಯಲ್ಲಿ ಬಲಗೈ ರಾಗದ ಅಡಿಗೆ ಎಡಗೈ ಹೆಬ್ಬೆರಳಿನಲ್ಲಿ ಇನ್ನೊಂದು ರಾಗ ಸದ್ದಿಲ್ಲದೆ ಹರಿದಿರುತ್ತದೆ. ಮೊದಲ ಭಾಗದಲ್ಲಿ ಸುದ್‌ಬಿನ್ ಅದನ್ನು ಎತ್ತಿ ತೋರಿಸದೆಯೇ ಕೇಳಿಸುತ್ತಾರೆ, ವಾದ್ಯವೃಂದವೂ ಅವರಿಗೆ ಉತ್ತರ ಕೊಡುತ್ತದೆ.

ಮೆಟ್ನರ್ ಒಬ್ಬರಿಗೇ ಇರುವ ಗುಣ ಒಂದಿದೆ. ಅವರು ಮರುಗುವುದಿಲ್ಲ. ಈ ಸಂಗೀತ ಮೊದಲ ಸಲಕ್ಕೆ ರಾಕ್‌ಮನಿನಾಫ್ ಹಾಗೆ ಕೇಳಿಸುವುದರಿಂದ ಹೊಸ ವಾದಕರಿಗೆ ರಾಗದ ತಿರುವಿನಲ್ಲೆಲ್ಲ ಒಂದು ಗಳಿಗೆ ತಡೆದು ನಿಟ್ಟುಸಿರು ಬಿಡುವ ಚಪಲ. ಡೆಮಿಡೆಂಕೊ ಬಿಡುತ್ತಾರೆ, ಸುದ್‌ಬಿನ್ ಕೂಡ ಎರಡು ಮೂರು ಕಡೆ ಬಿಡುತ್ತಾರೆ. ಮೆಟ್ನರ್ ಅಲ್ಲಿ ನೇರ ನಡೆದುಬಿಡುತ್ತಾರೆ, ಆ ನೇರ ನಡಿಗೆಯಲ್ಲಿ ವಾಕ್ಯ ಉದ್ದವಾಗುತ್ತದೆ. ಒಬ್ಬ ವಾದಕ ಇದನ್ನು ಕೇಳಿ ಕಲಿಯಬಹುದಾದದ್ದು ಬಹಳ. ಎಲಿಸಬೆತ್ ಶ್ವಾರ್ಟ್ಸ್‌ಕಾಫ್ 1950ರಲ್ಲಿ ಮೆಟ್ನರ್ ಪಿಯಾನೋದೊಂದಿಗೆ ಹಾಡಿದ ಗೀತೆಗಳಲ್ಲೂ ಇದೇ ಕಾಣುತ್ತದೆ: ಹಾಡುಗಾರ್ತಿ ಪದವೊಂದನ್ನು ಮುದ್ದಿಸುತ್ತ ನಿಂತರೆ ಪಿಯಾನೋ ಕಾಯುವುದಿಲ್ಲ. ಮೆಟ್ನರ್ ಅವರ ಏಕವ್ಯಕ್ತಿ ವಾದನಗಳನ್ನು ಎಪಿಆರ್ ಎಂಬ ಇನ್ನೊಂದು ಕಂಪನಿ ತಂದಿದೆ, ಅದರಲ್ಲಿ ಸದ್ದನ್ನು ಹೆಚ್ಚು ಬಳಿದಿಲ್ಲ.

ಬಳಿಯುವುದು ಎಂದೆ. ಹಳೆಯ ಪ್ಲೇಟುಗಳು ಅರಗಿನವು. ಅರಗಿನ ಹುಳದಿಂದ ಬರುವ ಆ ಅಂಟಿಗೆ ಜಗತ್ತಿನ ಧ್ವನಿಮುದ್ರಿಕೆ ಉದ್ಯಮ ನೆಚ್ಚಿಕೊಂಡಿದ್ದದ್ದು ಹೆಚ್ಚಾಗಿ ನಮ್ಮ ಪೂರ್ವ ಭಾರತದ ಕಾಡುಗಳನ್ನು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಒತ್ತಿದ ತಟ್ಟೆಯ ಮೇಲೆ ಮುಳ್ಳು ಓಡಿದಾಗ ಸುಯ್ ಸದ್ದು ಬರಲೇಬೇಕು. ಅದನ್ನು ತೆಗೆಯುವ ಸಾಫ್ಟ್‌ವೇರುಗಳಿವೆ. ಆದರೆ ಆ ಸದ್ದು ಇರುವ ಎತ್ತರದಲ್ಲೇ ಪಿಯಾನೋ ಸ್ವರದ ತುದಿಯ ಹೊಳಪು, ಕಮಾನಿನ ಕೊರೆತ, ಹಾಡುವವರ ಉಸಿರು ಎಲ್ಲ ಇರುತ್ತವೆ. ಸದ್ದನ್ನು ಪೂರ್ತಿ ಒರೆಸಿದರೆ ಇವೂ ಹೋಗುತ್ತವೆ. ಯೂಟ್ಯೂಬಿನಲ್ಲಿ ಇದೇ ಕನ್ಸರ್ಟೊದ ‘ಕ್ರಿಸ್ಟಲ್ ಕ್ಲಿಯರ್’ ಎಂದು ಹಾಕಿರುವ ಪ್ರತಿಗಳಲ್ಲಿ ಪಿಯಾನೋ ಮರದ ಪೆಟ್ಟಿಗೆಯಾಗಿಬಿಟ್ಟಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ ಇರುವುದು 60 ವರ್ಷ. ಹಾಗಾಗಿ ಯಾರು ಬೇಕಾದರೂ ಹಾಕಬಹುದು. ಯಾರ ಕೈಯಿಂದ ಬಂದ ಪ್ರತಿ ಎಂದು ನೋಡಿ ಕೇಳುವುದು ಕೇಳುಗರಿಗೇ ಬಿಟ್ಟದ್ದು.

ಇನ್ನೊಂದು ತೊಡಕು ವೇಗದ್ದು. 78 ಸುತ್ತು ಎಂದು ಹೆಸರೇ ಹೊರತು ಎಲ್ಲ ಪ್ಲೇಟುಗಳೂ ಅಷ್ಟಕ್ಕೇ ಓಡಿದವಲ್ಲ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ. ಮೆಟ್ನರ್ ವಿಷಯದಲ್ಲಿ ಇದು ದೊಡ್ಡ ಸಮಸ್ಯೆಯಲ್ಲ, ಪಿಯಾನೋದ ಶ್ರುತಿ ಎಷ್ಟಿರಬೇಕೆಂದು ಗೊತ್ತು, ಅದಕ್ಕೆ ಹೊಂದಿಸಿಕೊಂಡರಾಯಿತು. ಕಷ್ಟ ಇರುವುದು ನಮ್ಮ ಸಂಗೀತದಲ್ಲಿ. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಬಂದ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಗಾಯಕಿ ಗೌಹರ್ ಜಾನ್ ಯಾವ ಶ್ರುತಿಯಲ್ಲಿ ಹಾಡಿದರು? ಆ ಕಾಲದ ಪ್ಲೇಟುಗಳು 78ಕ್ಕೆ ಓಡುತ್ತಲೂ ಇರಲಿಲ್ಲ. ಷಡ್ಜವನ್ನು ಗಾಯಕರೇ ನಿಶ್ಚಯಿಸುವ ಪದ್ಧತಿಯಲ್ಲಿ ಹೊಂದಿಸಿಕೊಳ್ಳಲು ಹೊರಗಿನ ಆಧಾರವೇ ಇಲ್ಲ. ಬಹುಮಂದಿ ಅವನ್ನು 78ಕ್ಕೇ ಓಡಿಸಿ ಪ್ರತಿ ತೆಗೆದಿದ್ದಾರೆ, ನಾವು ಆ ಚೂಪು ದನಿಯನ್ನೇ ಗೌಹರ್ ಜಾನ್ ದನಿ ಎಂದು ನಂಬಿದ್ದೇವೆ. ಆಕೆ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲೇ, ನಾಲ್ವಡಿಯವರ ಆಶ್ರಯದಲ್ಲಿ. ಮರುಮುದ್ರಣದ ಹಿಂಬದಿಯಲ್ಲಿ ‘ಇಂತಿಷ್ಟು ವೇಗಕ್ಕೆ ಓಡಿಸಿದ್ದೇವೆ, ಕಾರಣ ಇದು’ ಎಂದು ಬರೆಯುವ ಪ್ರಾಮಾಣಿಕತೆ ನಮ್ಮಲ್ಲಿ ಇನ್ನೂ ಅಪರೂಪ. ಪಾಶ್ಚಾತ್ಯರ ಒಳ್ಳೆಯ ಮರುಮುದ್ರಣಗಳಲ್ಲಿ ತಟ್ಟೆಯಿಂದ ಧ್ವನಿ ಇಳಿಸಿದವರ ಹೆಸರು ಕಡ್ಡಾಯವಾಗಿ ಇರುತ್ತದೆ. ಅವರೂ ಒಬ್ಬ ಕಲಾವಿದರೇ.

ಮೆಟ್ನರ್ ಸೊಸೈಟಿಯ ತಟ್ಟೆಗಳು ಆಗ ಯಾಕೆ ಹೆಚ್ಚು ಕಾಲ ಬಾಳಲಿಲ್ಲ ಎಂಬುದಕ್ಕೆ ಉತ್ತರ ಸಂಗೀತದಲ್ಲಿಲ್ಲ. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ತಂದಿತು. ಬ್ರಿಟನ್ನಿನ ಇಎಂಐ ಹಟ ಹಿಡಿದು 1952ರ ತನಕ 78 ಸುತ್ತಿನಲ್ಲೇ ನಿಂತಿತು. ಒಡೆಯರ ದುಡ್ಡಿನ ಭಾರಿ ಆಲ್ಬಂಗಳು ಅಂಗಡಿಗೆ ಬಂದದ್ದು ಸರಿಯಾಗಿ ಈ ನಡುವೆ, ಜನ ಹಳೆಯ ಪೆಟ್ಟಿಗೆ ಬದಲಾಯಿಸುವ ಯೋಚನೆಯಲ್ಲಿದ್ದಾಗ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಇವತ್ತು ಅವರನ್ನು ನುಡಿಸುವ ಹೊಸ ತಲೆಮಾರಿಗೆ ಆ ತಟ್ಟೆಗಳೇ ಆಧಾರ. 1990ರ ದಶಕದಲ್ಲಿ ಅವು ಸಿಡಿಯಾಗಿ ಬಂದ ಹೊತ್ತಿಗೇ ಡೆಮಿಡೆಂಕೊ, ಜೆಫ್ರಿ ಟೋಜರ್, ಮಾರ್ಕ್-ಆಂಡ್ರೆ ಹಾಮೆಲಿನ್ ಒಬ್ಬರ ಹಿಂದೊಬ್ಬರು ಮೆಟ್ನರ್ ಎತ್ತಿಕೊಂಡರು.

ಒಡೆಯರ ಆಸಕ್ತಿಯಿಂದ ಆದ ಇನ್ನೆರಡು ಧ್ವನಿಮುದ್ರಣಗಳನ್ನು ಹೇಳಿ ಮುಗಿಸುತ್ತೇನೆ. ಬಲಾಕಿರೆವ್‌ನ ಮೊದಲನೆಯ ಸಿಂಫನಿ, ರೂಸೆಲ್‌ನ ನಾಲ್ಕನೆಯದು. ಎರಡೂ 1949ರಲ್ಲಿ, ಎರಡಕ್ಕೂ ಹರ್ಬರ್ಟ್ ಫಾನ್ ಕರಾಯನ್ ನಿರ್ದೇಶಕರು. ಯುದ್ಧಾನಂತರದ ನಿಷೇಧ ಕಳೆದು ಕರಾಯನ್ ಆಗಷ್ಟೇ ಲಂಡನ್ನಿನಲ್ಲಿ ಬೇರು ಬಿಡುತ್ತಿದ್ದರು. ತಾವಾಗಿ ಆರಿಸಿಕೊಳ್ಳದ ಕೃತಿಗಳನ್ನು ಹಟ ತೊಟ್ಟು ಚೆನ್ನಾಗಿ ಮಾಡಿದ್ದಾರೆ. ಬಲಾಕಿರೆವ್‌ನ ನಿಧಾನಗತಿಯ ಭಾಗದಲ್ಲಿ ಕ್ಲಾರಿನೆಟ್ ಎತ್ತಿಕೊಳ್ಳುವ ಉದ್ದನೆಯ ರಾಗವನ್ನು ಒಮ್ಮೆ ಕೇಳಿ ನೋಡಿ, ಅದಕ್ಕಾಗಿಯೇ ಈ ಸಿಂಫನಿಯನ್ನು ಹುಡುಕಿ ತೆಗೆಯಬಹುದು. ಸದ್ದೂ ಆ ಕಾಲಕ್ಕೆ ಅಚ್ಚುಕಟ್ಟಾಗಿದೆ. ರೂಸೆಲ್ ನನಗೆ ಅಷ್ಟು ರುಚಿಸಲಿಲ್ಲ. ಫ್ರೆಂಚ್ ಸಂಗೀತಕ್ಕೆ ಬೇಕಾದ ಚುರುಕಿಗಿಂತ ಅದರಲ್ಲಿ ಶಿಸ್ತು ಹೆಚ್ಚು. ಅದಕ್ಕೆ ಫ್ರೆಂಚ್ ನಿರ್ದೇಶಕರ ಧ್ವನಿಮುದ್ರಣವನ್ನೇ ಹುಡುಕಿಕೊಳ್ಳುವುದು ವಾಸಿ.